ಬಫರ್ ದ್ರಾವಣ: ಅರಿತು ಆರಿಸಬೇಕಾದ ಕಾವಲುಗಾರ

ಬೀದರ್, ಕಲಬುರ್ಗಿ, ಯಾದಗಿರಿಗಳ ಕಡೆಯಿಂದ ಬರುವ ರೈಲುಗಾಡಿಗಳು ವಿಕಾರಾಬಾದನ್ನು ದಾಟಿ ಹೈದರಾಬಾದ್ ನಗರದ ಅಂಚನ್ನು ಮುಟ್ಟುವ ನಿಲ್ದಾಣಗಳಲ್ಲಿ ಲಿಂಗಂಪಲ್ಲಿ ಮುಖ್ಯವಾದುದು. ಅದರ ಸುತ್ತಮುತ್ತ ರಾಮಚಂದ್ರಾಪುರದ ಭಾರೀ ವಿದ್ಯುತ್ ಸಲಕರಣೆಗಳ ಕಾರ್ಖಾನೆ, 1974ರಲ್ಲಿ ಸ್ಥಾಪಿತವಾದ ಹೈದರಾಬಾದ್ ವಿಶ್ವವಿದ್ಯಾಲಯ, ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ಇವೆಲ್ಲ ಇವೆ. ಉದ್ಯೋಗಕ್ಕಾಗಿಯೋ ವಿದ್ಯಾಭ್ಯಾಸಕ್ಕಾಗಿಯೋ ಬಂದು ಇಲ್ಲಿಯೇ ನೆಲೆನಿಂತ ಕನ್ನಡ ಕುಟುಂಬಗಳ ಮನೆಗಳಿಗೆ ಊರಿನಿಂದ ತಂದೆತಾಯಿಗಳು ಬಂದು ಹೋಗುತ್ತಿರುತ್ತಾರೆ. ಅವರ ಕೈಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಗಳ ಜೊತೆಗೆ ಊರಿನ ಪ್ರಯೋಗಶಾಲೆಯ ರಕ್ತಪರೀಕ್ಷೆಯ ವರದಿಯೂ ಇರುವುದು ಈಚೆಗೆ ಸಾಮಾನ್ಯವಾಗಿದೆ.

ಎಲುಬಿನ ನೋವಿನಿಂದ ಬಳಲುತ್ತಿರುವ ಒಬ್ಬ ಹಿರಿಯರು ಹೀಗೆ ಮಗನ ಮನೆಗೆ ಬಂದರೆಂದು ಭಾವಿಸೋಣ. ಊರಿನ ಹಳೆಯ ವರದಿಯಲ್ಲಿ ‘ಆಲ್ಕಲೈನ್ ಫಾಸ್ಫಟೇಸ್’ ಎಂಬ ಹೆಸರಿನ ಎದುರಿಗೆ ಒಂದು ಅಂಕಿ ಇದೆ. ನಗರದಲ್ಲಿ ಮತ್ತೆ ಪರೀಕ್ಷೆ ಮಾಡಿಸಿದಾಗ ಬಂದ ಅಂಕಿ ಅದಕ್ಕಿಂತ ಬಹಳ ಭಿನ್ನವಾಗಿದೆ. ಮನೆಯವರಿಗೆ ದಿಗಿಲು. ರೋಗ ಉಲ್ಬಣಿಸಿತೇ? ಅಥವಾ ಎರಡರಲ್ಲಿ ಒಂದು ಪ್ರಯೋಗಶಾಲೆ ತಪ್ಪು ಮಾಡಿತೇ? ಈ ಎರಡು ಊಹೆಗಳೂ ಸುಳ್ಳಾಗಿರುವ ಸಂಭವವುಂಟು. ರೋಗ ಇದ್ದಂತೆಯೇ ಇರಬಹುದು. ಎರಡು ಪ್ರಯೋಗಶಾಲೆಗಳೂ ಸರಿಯಾಗಿಯೇ ಅಳೆದಿರಬಹುದು. ಆದರೆ ಅವು ರಕ್ತವನ್ನು ಪರೀಕ್ಷಿಸಲು ಬಳಸಿದ ಬಫರ್ ದ್ರಾವಣ ಬೇರೆ ಬೇರೆಯಾಗಿರಬಹುದು. ಬಫರ್ ಎಂದರೇನು, ಅದನ್ನು ಆರಿಸುವ ಬಗೆ ಹೇಗೆ ಎಂಬುದನ್ನು ಅರಿತರೆ ಈ ಗೂಢ ತಾನಾಗಿ ಬಿಡುವುದು.

ಆಮ್ಲವೂ ಕ್ಷಾರವೂ

ಹುಣಿಸೆಯ ನೀರು ಆಮ್ಲ, ಸುಣ್ಣದ ತಿಳಿನೀರು ಕ್ಷಾರ ಎಂಬುದು ಎಲ್ಲರಿಗೂ ತಿಳಿದ ವಿಷಯ. ಈ ಗುಣವನ್ನು ಅಂಕಿಯಲ್ಲಿ ಹೇಳುವ ಮಾನವನ್ನು 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಸೋರೆನ್ಸನ್ ಎಂಬ ವಿಜ್ಞಾನಿ ಬಳಕೆಗೆ ತಂದನು. ಅದೇ ಪಿ.ಎಚ್. ಮಾನ. ಶುದ್ಧವಾದ ನೀರಿನ ಪಿ.ಎಚ್. 7. ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಈ ಮಾನದಲ್ಲಿ ಒಂದು ಅಂಕಿ ಇಳಿದರೆ ಜಲಜನಕ ಅಯಾನುಗಳ ಸಾರತೆ ಹತ್ತು ಪಟ್ಟು ಏರುತ್ತದೆ. ಎರಡು ಅಂಕಿ ಇಳಿದರೆ ನೂರು ಪಟ್ಟು. ಆದುದರಿಂದ 7.4 ಮತ್ತು 7.1ರ ನಡುವಣ ಅಂತರ ನೋಡುವುದಕ್ಕೆ ಅಲ್ಪವಾದರೂ ನಿಜದಲ್ಲಿ ಅದು ಎರಡು ಪಟ್ಟಿನ ವ್ಯತ್ಯಾಸ.

ಜೀವರಾಸಾಯನಿಕ ಕ್ರಿಯೆಗಳನ್ನು ನಡೆಸುವ ಕಿಣ್ವಗಳು ಈ ವಿಷಯದಲ್ಲಿ ಬಹಳ ಸೂಕ್ಷ್ಮ. ಜಠರದ ಪೆಪ್ಸಿನ್ ಪಿ.ಎಚ್. 2ರ ಆಸುಪಾಸಿನ ಕಟು ಆಮ್ಲದಲ್ಲಿ ಚುರುಕಾಗಿ ದುಡಿಯುತ್ತದೆ. ಸಣ್ಣ ಕರುಳಿನ ಟ್ರಿಪ್ಸಿನ್‌ಗೆ ಬೇಕಾದುದು ಸುಮಾರು 8. ಎಲುಬು, ಯಕೃತ್ತುಗಳಿಂದ ರಕ್ತಕ್ಕೆ ಸೇರುವ ಆಲ್ಕಲೈನ್ ಫಾಸ್ಫಟೇಸ್ ಪರೀಕ್ಷಾ ಪ್ರನಾಳದಲ್ಲಿ ಹೆಚ್ಚು ಚುರುಕಾಗುವುದು ಸುಮಾರು 10ರಲ್ಲಿ. ಒಂದರ ನೆಲೆಯಲ್ಲಿ ಇನ್ನೊಂದನ್ನು ಇರಿಸಿದರೆ ಅದು ಮಂಕಾಗುತ್ತದೆ. ಕೆಲವೊಮ್ಮೆ ಮತ್ತೆ ಚೇತರಿಸದಂತೆ ಕೆಟ್ಟುಹೋಗುತ್ತದೆ. ಇಷ್ಟೇ ಅಲ್ಲದೆ, ಅನೇಕ ಕ್ರಿಯೆಗಳು ನಡೆಯುತ್ತಿರುವಂತೆಯೇ ಆಮ್ಲವನ್ನೋ ಕ್ಷಾರವನ್ನೋ ಹೊರಚೆಲ್ಲುತ್ತವೆ. ಕಿಣ್ವವು ತನ್ನ ಕೆಲಸದಿಂದಲೇ ತನ್ನ ನೆಲೆಯನ್ನು ಕೆಡಿಸಿಕೊಳ್ಳುವ ಈ ಸಂಕಟವನ್ನು ತಪ್ಪಿಸುವುದೇ ಬಫರ್ ದ್ರಾವಣದ ಕಾರ್ಯ.

ಬ್ಯಾಂಕಿನ ನಗದು ಕಟ್ಟೆಯಂತೆ

ಬಫರ್ ಎಂದರೆ ಒಂದು ದುರ್ಬಲ ಆಮ್ಲ ಮತ್ತು ಅದರ ಲವಣ ಒಟ್ಟಿಗಿರುವ ದ್ರಾವಣ, ಅಥವಾ ಒಂದು ದುರ್ಬಲ ಕ್ಷಾರ ಮತ್ತು ಅದರ ಲವಣ ಒಟ್ಟಿಗಿರುವ ದ್ರಾವಣ. ಬ್ಯಾಂಕಿನ ನಗದು ಕಟ್ಟೆಗೆ ಇದನ್ನು ಹೋಲಿಸಬಹುದು. ಕೆಲವರು ಹಣ ಕಟ್ಟಲು ಬರುತ್ತಾರೆ, ಕೆಲವರು ಹಿಂಪಡೆಯಲು ಬರುತ್ತಾರೆ. ಪೆಟ್ಟಿಗೆಯಲ್ಲಿ ಕೊಡುವುದಕ್ಕೆ ನಗದೂ ಇರಬೇಕು, ಬಂದುದನ್ನು ಇಟ್ಟುಕೊಳ್ಳಲು ತೆರಪೂ ಇರಬೇಕು. ಹಾಗೆಯೇ ಹೊರಗಿನಿಂದ ಆಮ್ಲ ಬಂದಾಗ ಬಫರಿನ ಲವಣಭಾಗವು ಅದರ ಜಲಜನಕ ಅಯಾನನ್ನು ಜಮಾ ಮಾಡಿಕೊಳ್ಳುತ್ತದೆ. ಕ್ಷಾರ ಬಂದಾಗ ಆಮ್ಲಭಾಗವು ಜಲಜನಕ ಅಯಾನನ್ನು ಪಾವತಿ ಮಾಡುತ್ತದೆ. ಒಳಗಿನ ಲೆಕ್ಕ ಬದಲಾಗುತ್ತಿದ್ದರೂ ಹೊರಗೆ ಪಿ.ಎಚ್. ಹೆಚ್ಚು ಕದಲುವುದಿಲ್ಲ.

ಪ್ರತಿಯೊಂದು ಬಫರಿಗೂ ಅದರದೇ ಆದ ಒಂದು ಸಮತೋಲ ಬಿಂದುವಿದೆ. ಅದನ್ನು ಪಿ.ಕೆ.ಎ. ಎನ್ನುತ್ತಾರೆ. ಆ ಪಿ.ಎಚ್.ನಲ್ಲಿ ಆಮ್ಲಭಾಗವೂ ಲವಣಭಾಗವೂ ಸರಿಸಮನಾಗಿರುತ್ತವೆ. ಕಟ್ಟುವವರಿಗೂ ಹಿಂಪಡೆಯುವವರಿಗೂ ಒಂದೇ ಸಮನಾಗಿ ಸೇವೆ ದೊರೆಯುವುದು ಅಲ್ಲಿಯೇ. ಅಲ್ಲಿಂದ ಒಂದು ಅಂಕಿ ಆಚೆ ಸರಿದರೆ ಒಂದು ಭಾಗ ಹತ್ತರಷ್ಟಾಗಿ ಇನ್ನೊಂದು ಒಂದರಷ್ಟಾಗುತ್ತದೆ. ಅದಕ್ಕೂ ಆಚೆ ಸರಿದರೆ ಬಫರ್ ಹೆಸರಿಗೆ ಮಾತ್ರ ಬಫರ್.

ಆಯ್ಕೆಯ ಮೊದಲ ಸೂತ್ರ: ನೆಲೆಗೆ ತಕ್ಕ ಬಫರ್

ಕಿಣ್ವಕ್ಕೆ ಬೇಕಾದ ಪಿ.ಎಚ್. ಯಾವುದು ಎಂಬುದನ್ನು ಮೊದಲು ನಿಶ್ಚಯಿಸಬೇಕು. ಆ ಮೇಲೆ ಅದಕ್ಕೆ ಒಂದು ಅಂಕಿಯ ಒಳಗೆ, ಸಾಧ್ಯವಾದರೆ ಅರ್ಧ ಅಂಕಿಯ ಒಳಗೆ, ಪಿ.ಕೆ.ಎ. ಇರುವ ಬಫರನ್ನು ಆರಿಸಬೇಕು. ಸಾಮಾನ್ಯವಾಗಿ ಬಳಕೆಯಲ್ಲಿರುವ ಬಫರುಗಳ ಬೆಲೆಗಳು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಹೀಗಿವೆ: ಅಸಿಟೇಟ್ 4.8, ಮೆಸ್ 6.1, ಫಾಸ್ಫೇಟ್ 7.2, ಹೆಪಿಸ್ 7.5, ಟ್ರಿಸ್ 8.1, ಬೈಕಾರ್ಬನೇಟ್ ಮತ್ತು ಕಾರ್ಬನೇಟ್ ಜೋಡಿ 10.3. ರಕ್ತದ ಸಕ್ಕರೆಯನ್ನು ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವದಿಂದ ಅಳೆಯುವಾಗ 7ರ ಆಸುಪಾಸಿನ ಫಾಸ್ಫೇಟ್ ಬಫರನ್ನು ಬಳಸುವ ವಾಡಿಕೆಯಿರುವುದು ಈ ಕಾರಣದಿಂದಲೇ.

ಎರಡನೆಯ ಸೂತ್ರ: ಸಾಕಷ್ಟು ಬಂಡವಾಳ

ನೆಲೆ ಸರಿಯಾಗಿದ್ದರೂ ಬಂಡವಾಳ ಸಾಲದಿದ್ದರೆ ಕಟ್ಟೆ ಮುಚ್ಚಬೇಕಾಗುತ್ತದೆ. ಒಂದು ಲೀಟರಿಗೆ 50 ಮಿಲಿಮೋಲ್‌ನಷ್ಟು ಬಫರ್ ಇದ್ದು, ಅದು ತನ್ನ ಸಮತೋಲ ಬಿಂದುವಿನಲ್ಲಿಯೇ ಇದೆ ಎಂದುಕೊಳ್ಳೋಣ. ಆಗ ಆಮ್ಲಭಾಗ 25, ಲವಣಭಾಗ 25. ಕ್ರಿಯೆಯಿಂದ 5 ಮಿಲಿಮೋಲ್ ಆಮ್ಲ ಹೊರಬಂದರೆ ಲವಣ 20ಕ್ಕೆ ಇಳಿದು ಆಮ್ಲ 30ಕ್ಕೆ ಏರುತ್ತದೆ. ಪಿ.ಎಚ್. ಇಳಿಯುವುದು ಸುಮಾರು 0.18 ಮಾತ್ರ. ಅದೇ ಬಫರ್ 10 ಮಿಲಿಮೋಲ್ ಇದ್ದರೆ? ಲವಣಭಾಗ ಇದ್ದುದೇ 5. ಅದೆಲ್ಲವೂ ತೀರಿಹೋಗಿ ಬಫರ್ ದಿವಾಳಿಯಾಗುತ್ತದೆ. ಬಫರೇ ಇಲ್ಲದ ಬರಿಯ ನೀರಿಗೆ ಅಷ್ಟೇ ತೀಕ್ಷ್ಣ ಆಮ್ಲ ಬಿದ್ದರಂತೂ ಪಿ.ಎಚ್. 7ರಿಂದ 2.3ಕ್ಕೆ ಕುಸಿಯುತ್ತದೆ.

ಹಾಗೆಂದು ಬಫರನ್ನು ಬೇಕಾಬಿಟ್ಟಿ ಸುರಿಯುವಂತೆಯೂ ಇಲ್ಲ. ಲವಣಾಂಶ ಅತಿಯಾದರೆ ಅನೇಕ ಕಿಣ್ವಗಳು ಕುಗ್ಗುತ್ತವೆ. ಅನೇಕ ಪ್ರಯೋಗಗಳಲ್ಲಿ 20ರಿಂದ 100 ಮಿಲಿಮೋಲ್‌ವರೆಗಿನ ಸಾರತೆ ಸಾಕಾಗುತ್ತದೆ.

ಮೂರನೆಯ ಸೂತ್ರ: ಉಷ್ಣತೆಯನ್ನು ಮರೆಯಬಾರದು

ಹೆಪ್ಪು ಹಾಕುವ ಗೃಹಿಣಿಗೆ ಮೇ ತಿಂಗಳ ಹಾಲೂ ಡಿಸೆಂಬರ್ ತಿಂಗಳ ಹಾಲೂ ಒಂದೇ ಅಲ್ಲ ಎಂಬುದು ಗೊತ್ತು. ಬಫರುಗಳಲ್ಲಿಯೂ ಕೆಲವು ಹೀಗೆಯೇ ಹವಾಮಾನಕ್ಕೆ ಮಣಿಯುತ್ತವೆ. ಇವುಗಳಲ್ಲಿ ಪ್ರಸಿದ್ಧವಾದುದು ಟ್ರಿಸ್. ಉಷ್ಣತೆ ಒಂದು ಡಿಗ್ರಿ ಏರಿದರೆ ಅದರ ಪಿ.ಎಚ್. ಸುಮಾರು 0.028ರಷ್ಟು ಇಳಿಯುತ್ತದೆ. 25 ಡಿಗ್ರಿಯಲ್ಲಿ ಸರಿಯಾಗಿ 8.0 ಎಂದು ಅಳೆದಿಟ್ಟ ಟ್ರಿಸ್ ದ್ರಾವಣ 4 ಡಿಗ್ರಿಯ ಶೀತಕ ಪೆಟ್ಟಿಗೆಯಲ್ಲಿ 8.6 ಆಗಿರುತ್ತದೆ, ದೇಹದ ಉಷ್ಣತೆಯಾದ 37 ಡಿಗ್ರಿಯಲ್ಲಿ 7.7ರ ಹತ್ತಿರ ಇಳಿದಿರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಹೈದರಾಬಾದಿನಂತಹ ಊರಿನಲ್ಲಿ, ತಂಪು ಯಂತ್ರವಿಲ್ಲದ ಕೋಣೆಯಲ್ಲಿ ಕುಳಿತು ತಯಾರಿಸಿದ ದ್ರಾವಣವನ್ನು ಶೀತಕೋಣೆಯಲ್ಲಿ ಬಳಸಿದರೆ ಆಗುವ ಏರುಪೇರನ್ನು ಊಹಿಸಬಹುದು. ಫಾಸ್ಫೇಟ್ ಈ ವಿಷಯದಲ್ಲಿ ಸ್ಥಿರಚಿತ್ತವುಳ್ಳದ್ದು. ಅದರ ಬದಲಾವಣೆ ಟ್ರಿಸ್‌ನ ಹತ್ತನೆಯ ಒಂದು ಪಾಲು ಮಾತ್ರ.

ಆದುದರಿಂದ ಯಾವ ಉಷ್ಣತೆಯಲ್ಲಿ ಕ್ರಿಯೆ ನಡೆಯಬೇಕೋ ಅದೇ ಉಷ್ಣತೆಯಲ್ಲಿ, ಸೇರಿಸಬೇಕಾದ ಲವಣಗಳನ್ನೆಲ್ಲ ಸೇರಿಸಿದ ಮೇಲೆ, ಪಿ.ಎಚ್. ಸರಿಪಡಿಸುವುದು ಪ್ರಯೋಗಶಾಲೆಯ ಶಿಸ್ತು. ಈ ಗುಣವನ್ನು ತಿಳಿದು ಉಪಯೋಗಿಸಿಕೊಳ್ಳುವುದೂ ಉಂಟು. ಡಿ.ಎನ್.ಎ.ಯನ್ನು ಕೋಟ್ಯಂತರ ಪಟ್ಟು ಹೆಚ್ಚಿಸುವ ಪಿ.ಸಿ.ಆರ್. ವಿಧಾನದಲ್ಲಿ ಟ್ರಿಸ್ ಬಫರನ್ನು ಕೋಣೆಯ ಉಷ್ಣತೆಯಲ್ಲಿ 8.3ಕ್ಕೆ ನಿಲ್ಲಿಸುವುದು ರೂಢಿ. ಕಿಣ್ವವು ದುಡಿಯುವ 72 ಡಿಗ್ರಿಯಲ್ಲಿ ಅದು ತಾನಾಗಿ 7ರ ಹತ್ತಿರ ಬರುತ್ತದೆ.

ನಾಲ್ಕನೆಯ ಸೂತ್ರ: ಕಾವಲುಗಾರನು ಕಳ್ಳನಾಗಬಾರದು

ಬಫರ್ ಕಾವಲು ಕಾಯಬೇಕೇ ಹೊರತು ಕ್ರಿಯೆಯೊಳಗೆ ಕೈ ಹಾಕಬಾರದು. ಆದರೆ ಎಷ್ಟೋ ಬಫರುಗಳು ಕೈ ಹಾಕುತ್ತವೆ. ಫಾಸ್ಫೇಟ್ ಸುಣ್ಣಾಂಶದೊಡನೆ ಕೂಡಿ ಗಸಿಯಾಗಿ ತಳ ಸೇರುತ್ತದೆ. ಸಿಟ್ರೇಟ್ ಸುಣ್ಣಾಂಶವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬೋರೇಟ್ ಸಕ್ಕರೆಗಳೊಡನೆ ನಂಟು ಬೆಳೆಸುತ್ತದೆ.

ಈ ಸಂದರ್ಭದಲ್ಲಿ ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರನ್ನು ನೆನೆಯುವುದು ಉಚಿತ. ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಫಿಸ್ಕೆ ಅವರೊಡನೆ ದುಡಿದು, ದ್ರಾವಣದಲ್ಲಿರುವ ಫಾಸ್ಫೇಟನ್ನು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವನ್ನು ಅವರು 1925ರಲ್ಲಿ ಪ್ರಕಟಿಸಿದರು. ಫಿಸ್ಕೆ-ಸುಬ್ಬರಾವ್ ವಿಧಾನವೆಂದು ಅದು ಜಗತ್ತಿನಲ್ಲೆಲ್ಲ ಹೆಸರಾಯಿತು. ಕಿಣ್ವವೊಂದು ಎಷ್ಟು ಫಾಸ್ಫೇಟನ್ನು ಬಿಡಿಸಿತು ಎಂದು ಈ ವಿಧಾನದಿಂದ ಅಳೆಯಹೊರಟವನು ಬಫರನ್ನಾಗಿ ಫಾಸ್ಫೇಟನ್ನೇ ಬಳಸಿದರೆ ಏನಾಗುತ್ತದೆ? ಕೆರೆಗೆ ಒಂದು ತಂಬಿಗೆ ನೀರು ಸುರಿದು, ನೀರು ಎಷ್ಟು ಏರಿತೆಂದು ಅಳೆಯಹೊರಟಂತೆ! ಆಲ್ಕಲೈನ್ ಫಾಸ್ಫಟೇಸ್‌ನ ವಿಷಯದಲ್ಲಂತೂ ಇದು ಇಮ್ಮಡಿ ತಪ್ಪು. ಏಕೆಂದರೆ ಫಾಸ್ಫೇಟ್ ಆ ಕಿಣ್ವವನ್ನೇ ತಡೆಯುತ್ತದೆ. ರೋಗಿಯ ರಕ್ತದಲ್ಲಿ ಕಿಣ್ವ ಹೆಚ್ಚಾಗಿದ್ದರೂ ಪರೀಕ್ಷೆಯಲ್ಲಿ ಅದು ಕಡಿಮೆಯೆಂದು ಕಾಣಬಹುದು.

ಇಂತಹ ತೊಡಕುಗಳನ್ನು ಕಂಡೇ ಅಮೆರಿಕದ ಮಿಚಿಗನ್ ರಾಜ್ಯ ವಿಶ್ವವಿದ್ಯಾಲಯದ ನಾರ್ಮನ್ ಗುಡ್ ಮತ್ತು ಅವರ ಸಹೋದ್ಯೋಗಿಗಳು 1966ರಲ್ಲಿ ಹೊಸ ಬಫರುಗಳ ಒಂದು ತಂಡವನ್ನೇ ವಿಜ್ಞಾನಿಗಳ ಮುಂದಿಟ್ಟರು. ಒಳ್ಳೆಯ ಬಫರಿನ ಲಕ್ಷಣಗಳನ್ನೂ ಅವರು ಹೇಳಿದರು: ಪಿ.ಕೆ.ಎ. 6ರಿಂದ 8ರೊಳಗೆ ಇರಬೇಕು, ನೀರಿನಲ್ಲಿ ಚೆನ್ನಾಗಿ ಕರಗಬೇಕು, ಜೀವಕೋಶದ ಪೊರೆಯನ್ನು ದಾಟಬಾರದು, ಲೋಹಗಳನ್ನು ಹಿಡಿಯಬಾರದು, ಕಿಣ್ವಗಳಿಗೆ ಆಹಾರವಾಗಬಾರದು, ಬೆಳಕನ್ನು ಹೀರಿ ಅಳತೆಯನ್ನು ಕೆಡಿಸಬಾರದು, ಅಗ್ಗವಾಗಿ ತಯಾರಾಗಬೇಕು. ಮೆಸ್, ಹೆಪಿಸ್ ಮೊದಲಾದವು ಈ ತಂಡಕ್ಕೆ ಸೇರಿದವು.

ಹಿರಿಯರ ಎರಡು ವರದಿಗಳು

ಈಗ ಲಿಂಗಂಪಲ್ಲಿಗೆ ಬಂದ ಹಿರಿಯರ ವರದಿಗಳಿಗೆ ಹಿಂದಿರುಗೋಣ. ಆಲ್ಕಲೈನ್ ಫಾಸ್ಫಟೇಸ್ ಪರೀಕ್ಷೆಗೆ 10ರ ಸಮೀಪದ ಬಫರ್ ಬೇಕು. ಫಾಸ್ಫೇಟ್ ಸಲ್ಲದು. ಇದಕ್ಕಾಗಿ ಎ.ಎಂ.ಪಿ. ಎಂಬುದನ್ನೂ ಡಿ.ಇ.ಎ. ಎಂಬುದನ್ನೂ ಬಳಸುವ ಎರಡು ಪದ್ಧತಿಗಳಿವೆ. ಇವೆರಡೂ ಬರಿಯ ಕಾವಲುಗಾರರಲ್ಲ. ಕಿಣ್ವವು ಬಿಡಿಸಿದ ಫಾಸ್ಫೇಟನ್ನು ತಾವೇ ಎತ್ತಿಕೊಂಡು ಕ್ರಿಯೆಯ ವೇಗವನ್ನು ಹೆಚ್ಚಿಸುತ್ತವೆ. ನಾಲ್ಕನೆಯ ಸೂತ್ರಕ್ಕೆ ಇದೊಂದು ಅಪವಾದ. ಅಲ್ಪ ಪ್ರಮಾಣದ ಕಿಣ್ವವನ್ನೂ ಸ್ಪಷ್ಟವಾಗಿ ಅಳೆಯಲಿಕ್ಕಾಗಿ ಅರಿತೇ ಮಾಡಿದ ಆಯ್ಕೆ. ಆದರೆ ಎರಡರ ಸಹಾಯವೂ ಒಂದೇ ಸಮನಲ್ಲ. ಅದೇ ರಕ್ತ ಡಿ.ಇ.ಎ. ಬಫರಿನಲ್ಲಿ ತೋರಿಸುವ ಅಂಕಿ ಎ.ಎಂ.ಪಿ. ಬಫರಿನಲ್ಲಿ ತೋರಿಸುವುದಕ್ಕಿಂತ ಬಹಳ ಹೆಚ್ಚು. ಆದುದರಿಂದಲೇ ಎರಡಕ್ಕೂ ಆರೋಗ್ಯವಂತರ ಮಿತಿ ಬೇರೆ ಬೇರೆ. ಬಹಳ ಹಿಂದಿನ ವರದಿಗಳಲ್ಲಿ ಕಾಣುವ ‘ಕಿಂಗ್-ಆರ್ಮ್‌ಸ್ಟ್ರಾಂಗ್ ಯೂನಿಟ್’, ‘ಬೋಡಾನ್ಸ್ಕಿ ಯೂನಿಟ್’ಗಳಂತೂ ಬೇರೆಯೇ ಅಳತೆಗೋಲುಗಳು.

ಆದಕಾರಣ ಎರಡು ಪ್ರಯೋಗಶಾಲೆಗಳ ಅಂಕಿಗಳನ್ನು ಪಕ್ಕಪಕ್ಕಕ್ಕೆ ಇಟ್ಟು ಹೋಲಿಸಿ ಹೆದರಬಾರದು. ಪ್ರತಿಯೊಂದು ಅಂಕಿಯನ್ನೂ ಅದೇ ವರದಿಯಲ್ಲಿ ಮುದ್ರಿಸಿರುವ ಮಿತಿಯೊಡನೆ ಹೋಲಿಸಬೇಕು. ಬೆಳೆಯುವ ಮಕ್ಕಳಲ್ಲಿ ಎಲುಬು ಬೆಳೆಯುತ್ತಿರುವುದರಿಂದ ಈ ಕಿಣ್ವ ಸಹಜವಾಗಿಯೇ ಹೆಚ್ಚಾಗಿರುತ್ತದೆ ಎಂಬುದನ್ನೂ ನೆನಪಿಡಬೇಕು. ದೀರ್ಘಕಾಲದ ಕಾಯಿಲೆಯಿರುವವರು ಸಾಧ್ಯವಾದಷ್ಟೂ ಒಂದೇ ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಹಳೆಯ ವರದಿಗಳನ್ನು ಎಸೆಯದೆ ವೈದ್ಯರಿಗೆ ತೋರಿಸಬೇಕು.

ಹೈದರಾಬಾದಿನ ಒಂದು ದೃಷ್ಟಾಂತ

ಬಫರಿನ ಆಯ್ಕೆ ಸಹಸ್ರಾರು ಜನರಿಗೆ ಸಂಬಂಧಿಸಿದ ವಿಷಯವಾಗಬಲ್ಲದು ಎಂಬುದಕ್ಕೆ ಇದೇ ನಗರದಲ್ಲಿ ಒಂದು ದೃಷ್ಟಾಂತವಿದೆ. 2020ರಲ್ಲಿ ಕೋವಿಡ್ ಹಬ್ಬಿದಾಗ, ಮೂಗಿನಿಂದ ತೆಗೆದ ಮಾದರಿಯನ್ನು ಒಂದು ಸಾಗಣೆ ದ್ರವದಲ್ಲಿ ಮುಳುಗಿಸಿ ಪ್ರಯೋಗಶಾಲೆಗೆ ಒಯ್ಯುತ್ತಿದ್ದರು. ಆ ದ್ರವದಲ್ಲಿ ವೈರಸನ್ನು ಕಾಪಾಡಲು ಲವಣಗಳು, ಪ್ರೋಟೀನು, ಜೀವಿನಿರೋಧಕಗಳು ಇರುತ್ತವೆ. ಪರೀಕ್ಷೆಯ ಕಿಣ್ವಕ್ಕೆ ಇವು ಅಡ್ಡಿಯಾಗಬಲ್ಲವು. ಆದುದರಿಂದ ಮಾದರಿಯಿಂದ ಆರ್.ಎನ್.ಎ.ಯನ್ನು ಬೇರ್ಪಡಿಸುವ ಕೆಲಸ ಅನಿವಾರ್ಯವಾಗಿತ್ತು. ಅದಕ್ಕೆ ಸಮಯವೂ ಹಣವೂ ಬೇಕು. ಬೇಕಾದ ಸಾಮಗ್ರಿಗಳಿಗೆ ಎಲ್ಲೆಡೆ ಬೇಡಿಕೆ.

ಉಪ್ಪಲ್ ರಸ್ತೆಯಲ್ಲಿರುವ ಕೋಶ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರದ, ಅಂದರೆ ಸಿ.ಸಿ.ಎಂ.ಬಿ.ಯ ವಿಜ್ಞಾನಿಗಳು ಇದಕ್ಕೊಂದು ಸರಳ ಉಪಾಯ ಕಂಡರು. ಮಾದರಿಯ ಕಡ್ಡಿಯನ್ನು ಒಣಗಿದ್ದಂತೆಯೇ ತರುವುದು; ಪ್ರಯೋಗಶಾಲೆಯಲ್ಲಿ ಅದನ್ನು ‘ಟಿ.ಇ.’ ಎಂಬ ಬಫರಿನಲ್ಲಿ ಅದ್ದುವುದು. ಕಾಯಿಸಿ, ನೇರವಾಗಿ ಪರೀಕ್ಷೆಗೆ ಒಯ್ಯುವುದು. ಟಿ.ಇ.ಯಲ್ಲಿರುವುದು ಎರಡೇ ವಸ್ತು. ಒಂದು ಟ್ರಿಸ್; ಅದು ಪಿ.ಎಚ್.ಅನ್ನು ಕಾಯುತ್ತದೆ. ಇನ್ನೊಂದು ಇ.ಡಿ.ಟಿ.ಎ.; ಅದು ಲೋಹದ ಅಯಾನುಗಳನ್ನು ಹಿಡಿದಿಟ್ಟು, ಅವುಗಳ ಬಲದಿಂದ ಆರ್.ಎನ್.ಎ.ಯನ್ನು ಕತ್ತರಿಸುವ ಕ್ರಿಯೆಗಳನ್ನು ತಗ್ಗಿಸುತ್ತದೆ. ಇಲ್ಲಿಯೂ ಒಂದು ಇಕ್ಕಟ್ಟುಂಟು. ಪಿ.ಸಿ.ಆರ್. ಕಿಣ್ವಕ್ಕೆ ಮೆಗ್ನೀಸಿಯಂ ಬೇಕೇ ಬೇಕು, ಇ.ಡಿ.ಟಿ.ಎ. ಅತಿಯಾದರೆ ಆ ಮೆಗ್ನೀಸಿಯಮನ್ನೂ ಕಸಿದುಕೊಳ್ಳುತ್ತದೆ. ಕಾಪಾಡುವಷ್ಟು ಇರಬೇಕು, ಕೆಡಿಸುವಷ್ಟು ಇರಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಈ ಒಣಕಡ್ಡಿ ವಿಧಾನವನ್ನು ಪರಿಶೀಲಿಸಿ, ರೂಢಿಯ ಪರೀಕ್ಷೆಯೊಡನೆ ಶೇಕಡಾ 96.9ರಷ್ಟು ಹೊಂದಾಣಿಕೆಯಿದೆಯೆಂದು ಕಂಡು, 2020ರ ನವೆಂಬರಿನಲ್ಲಿ ಅದರ ಬಳಕೆಗೆ ಸಮ್ಮತಿಯಿತ್ತಿತು. ದುಬಾರಿ ಯಂತ್ರದಿಂದಲ್ಲ, ದ್ರವವೊಂದರ ವಿವೇಕಯುತ ಆಯ್ಕೆಯಿಂದ ಪರೀಕ್ಷೆ ಸುಲಭವಾಯಿತೆಂಬುದು ಗಮನಾರ್ಹ.

ದೇಹದೊಳಗಿನ ಬಫರ್

ಮನುಷ್ಯನ ರಕ್ತದ ಪಿ.ಎಚ್. 7.35 ಮತ್ತು 7.45ರ ನಡುವೆ ನಿಲ್ಲಬೇಕು. ಅದನ್ನು ನಿಲ್ಲಿಸುವ ಮುಖ್ಯ ಬಫರ್ ಬೈಕಾರ್ಬನೇಟ್. ವಿಚಿತ್ರವೆಂದರೆ ಅದರ ಪಿ.ಕೆ.ಎ. 6.1. ಮೊದಲ ಸೂತ್ರದಂತೆ ನೋಡಿದರೆ ಇದು ತಕ್ಕ ಆಯ್ಕೆಯೇ ಅಲ್ಲ! ಆದರೂ ಅದು ದೇಹಕ್ಕೆ ಒಪ್ಪುತ್ತದೆ. ಏಕೆಂದರೆ ಈ ಕಟ್ಟೆ ಒಂಟಿಯಲ್ಲ. ಆಮ್ಲ ಸೇರಿದಾಗ ಹುಟ್ಟುವ ಇಂಗಾಲದ ಡೈಆಕ್ಸೈಡನ್ನು ಶ್ವಾಸಕೋಶಗಳು ಉಸಿರಿನಲ್ಲಿ ಹೊರಹಾಕುತ್ತವೆ. ಖರ್ಚಾದ ಬೈಕಾರ್ಬನೇಟನ್ನು ಮೂತ್ರಪಿಂಡಗಳು ಮತ್ತೆ ತುಂಬುತ್ತವೆ. ಒಂದು ಲೀಟರ್ ರಕ್ತರಸದಲ್ಲಿ ಬೈಕಾರ್ಬನೇಟ್ ಸುಮಾರು 24 ಮಿಲಿಮೋಲ್, ಕರಗಿದ ಇಂಗಾಲದ ಡೈಆಕ್ಸೈಡ್ ಸುಮಾರು 1.2, ಅಂದರೆ ಇಪ್ಪತ್ತಕ್ಕೆ ಒಂದು. ಈ ಪ್ರಮಾಣ ಇರುವವರೆಗೆ ಪಿ.ಎಚ್. 7.4.

ಈ ವ್ಯವಸ್ಥೆಗೂ ಮಿತಿಯುಂಟು. ಮಧುಮೇಹವು ಹತೋಟಿ ತಪ್ಪಿದಾಗ, ಅದರಲ್ಲಿಯೂ ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ನಿಲ್ಲಿಸಿದಾಗ, ರಕ್ತದಲ್ಲಿ ಕೀಟೋನ್ ಆಮ್ಲಗಳು ತುಂಬಿ ಬೈಕಾರ್ಬನೇಟ್ ಬರಿದಾಗುತ್ತ ಹೋಗುತ್ತದೆ. ರೋಗಿ ಆಳವಾಗಿ, ವೇಗವಾಗಿ ಉಸಿರಾಡತೊಡಗುತ್ತಾನೆ. ವಾಂತಿ, ಹೊಟ್ಟೆನೋವು, ಮಂಪರು ಕಾಣಿಸುತ್ತವೆ. ಇದನ್ನು ಆಯಾಸವೆಂದೋ ಅಜೀರ್ಣವೆಂದೋ ಭ್ರಮಿಸಿ ಮನೆಯಲ್ಲಿಯೇ ಸೋಡಾ ಕುಡಿಸುತ್ತ ಕಾಲ ಕಳೆಯಬಾರದು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇನ್ನು ‘ಕ್ಷಾರೀಯ ನೀರು’ ಕುಡಿದರೆ ರಕ್ತವೇ ಕ್ಷಾರವಾಗಿ ರೋಗಗಳೆಲ್ಲ ದೂರವಾಗುವುವೆಂಬ ಜಾಹೀರಾತುಗಳಿಗೆ ಮರುಳಾಗಬೇಕಿಲ್ಲ. ಜಠರದ ಆಮ್ಲವೂ ರಕ್ತದ ಬಫರುಗಳೂ ಅದನ್ನು ಸರಿದೂಗಿಸಿಬಿಡುತ್ತವೆ.

ಓದುಗರು ನೆನಪಿಡಬೇಕಾದ ಮಾತು

ರಕ್ತ ತೆಗೆಯುವಾಗ ಒಂದಕ್ಕಿಂತ ಹೆಚ್ಚು ಪ್ರನಾಳಗಳನ್ನು ತುಂಬುವುದನ್ನು ಕಂಡು ‘ಇಷ್ಟೊಂದು ರಕ್ತವೇಕೆ?’ ಎಂದು ಅನೇಕರು ಕೇಳುವುದುಂಟು. ನೇರಳೆ ಮುಚ್ಚಳದ ಪ್ರನಾಳದಲ್ಲಿ ಇ.ಡಿ.ಟಿ.ಎ. ಇರುತ್ತದೆ, ರಕ್ತಕಣಗಳನ್ನು ಎಣಿಸಲು ಅದು ತಕ್ಕದ್ದು. ಆದರೆ ಆಲ್ಕಲೈನ್ ಫಾಸ್ಫಟೇಸ್‌ಗೆ ಬೇಕಾದ ಸತು, ಮೆಗ್ನೀಸಿಯಂಗಳನ್ನು ಅದು ಕಸಿಯುವುದರಿಂದ ಆ ಪರೀಕ್ಷೆಗೆ ಅದು ಸಲ್ಲದು. ತಿಳಿನೀಲಿ ಮುಚ್ಚಳದ ಪ್ರನಾಳದಲ್ಲಿ ಸಿಟ್ರೇಟ್ ಇರುತ್ತದೆ. ರಕ್ತ ಹೆಪ್ಪುಗಟ್ಟುವ ಅವಧಿಯನ್ನು ಅಳೆಯಲು ಅದು ಬೇಕು. ಅದರಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಎಂಬ ಲೆಕ್ಕ ತಪ್ಪಿದರೆ ಫಲಿತಾಂಶವೂ ತಪ್ಪುತ್ತದೆ. ಗುರುತಿನವರೆಗೆ ತುಂಬುವಂತೆ ಪ್ರಯೋಗಶಾಲೆಯವರು ಹಟ ಹಿಡಿಯುವುದು ಇದಕ್ಕಾಗಿಯೇ.

ನೆಲೆಗೆ ತಕ್ಕದ್ದು, ಸಾಕಷ್ಟು ಬಂಡವಾಳವುಳ್ಳದ್ದು, ಉಷ್ಣತೆಗೆ ಅಂಜದ್ದು, ಪರರ ಕೆಲಸಕ್ಕೆ ಕೈ ಹಾಕದ್ದು, ಇದು ಒಳ್ಳೆಯ ಬಫರಿನ ಲಕ್ಷಣ. ಈ ನಾಲ್ಕೂ ಗುಣಗಳು ಒಂದರಲ್ಲಿಯೇ ಪೂರ್ತಿಯಾಗಿ ದೊರೆಯುವುದು ಅಪರೂಪ. ಆದುದರಿಂದಲೇ ಆಯ್ಕೆ ಎಂಬ ಮಾತಿಗೆ ಅರ್ಥ ಬಂದಿದೆ. ವರದಿಯ ಕಾಗದದಲ್ಲಿ ಅದರ ಹೆಸರು ಸಾಮಾನ್ಯವಾಗಿ ಕಾಣುವುದಿಲ್ಲ. ಆದರೆ ಅಲ್ಲಿ ಅಚ್ಚಾದ ಅಂಕಿ ನಂಬಿಕೆಗೆ ಯೋಗ್ಯವಾಗುವುದು ಆ ಕಾಣದ ಕಾವಲುಗಾರನಿಂದ. ಊರಿನಿಂದ ಬಂದ ಹಿರಿಯರ ಎರಡು ವರದಿಗಳನ್ನು ಕೈಯಲ್ಲಿ ಹಿಡಿದು ಕಂಗೆಟ್ಟ ಮನೆಯವರು ಇಷ್ಟನ್ನು ಅರಿತರೆ, ಅನಗತ್ಯ ಭಯವೂ ತಪ್ಪುತ್ತದೆ, ಅಗತ್ಯವಾದ ಚಿಕಿತ್ಸೆಯೂ ತಪ್ಪದೆ ದೊರೆಯುತ್ತದೆ.